ಅಕ್ಷರ ಮೊದಲೋ, ದನಿ ಮೊದಲೋ

ಜಪಾನೀ ಭಾಷೆಯ ಕಾಂಜಿ ಅಕ್ಷರಗಳನ್ನು ಕಲಿಯಲು ಹೊರಟವರಿಗೆ ಮೊದಲ ವಾರದಲ್ಲೇ ಒಂದು ಕವಲು ಎದುರಾಗುತ್ತದೆ. ಅಕ್ಷರವನ್ನು ತುಂಡುಗಳಾಗಿ ಒಡೆದು, ಒಂದೊಂದು ತುಂಡಿಗೂ ಹೆಸರಿಟ್ಟು, ಕತೆ ಕಟ್ಟಿ, ಅದರ ಅರ್ಥವನ್ನಷ್ಟೇ ನೆನಪಿಡುವುದು ಒಂದು ದಾರಿ. ಉಚ್ಚಾರದ ಗೊಡವೆ ಆಮೇಲೆ. ಜೇಮ್ಸ್ ಹೈಸಿಗ್ 1977ರಲ್ಲಿ ಪುಸ್ತಕ ಮಾಡಿದ ಈ ಕ್ರಮಕ್ಕೆ ಇಂದಿಗೂ ಅನುಯಾಯಿಗಳಿದ್ದಾರೆ. ಪದವನ್ನು ಕಿವಿಯಿಂದ ಕಲಿತು, ಅದರ ಬೆನ್ನಿಗೇ ಅಕ್ಷರವನ್ನು ಬರೆಯುವುದು ಇನ್ನೊಂದು ದಾರಿ. ನಿತ್ಯಬಳಕೆಯ ಅಧಿಕೃತ ಪಟ್ಟಿಯಲ್ಲಿ 2136 ಅಕ್ಷರಗಳಿರುವುದರಿಂದ ಆಯ್ಕೆ ತಪ್ಪಿದರೆ ವರ್ಷವೇ ಕೈಬಿಟ್ಟೀತು.

ಈ ಜಗಳ ಹೊಸದಲ್ಲ. ಕ್ರಿ.ಶ. 712ರಲ್ಲಿ ಓ ನೊ ಯಾಸುಮಾರೊ ಎಂಬ ಅಧಿಕಾರಿ 'ಕೊಜಿಕಿ'ಯನ್ನು ಬರೆದು ಮುಗಿಸಿದ. ಹಿಯೆದಾ ನೊ ಆರೆ ಎಂಬ ಆಸ್ಥಾನಿಕ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಪುರಾಣ, ವಂಶಾವಳಿಗಳೇ ಅದರ ಮೂಲ. ಆ ಕೆಲಸಕ್ಕೆ ಆರೆಯನ್ನು ಹಚ್ಚಿದಾಗ ವಯಸ್ಸು 28 ಎಂದು ಮುನ್ನುಡಿ ಹೇಳುತ್ತದೆ. ನನ್ನದೇ ವಯಸ್ಸಿನ ಆಸುಪಾಸು ಎಂದು ಓದಿದಾಗ ಸ್ವಲ್ಪ ನಾಚಿಕೆಯೂ ಆಯಿತು. ಯಾಸುಮಾರೊನ ಕೈಯಲ್ಲಿ ಇದ್ದದ್ದು ಚೀನೀ ಅಕ್ಷರ ಮಾತ್ರ. ಬರೀ ಅರ್ಥ ಹಿಡಿದು ಬರೆದರೆ ಮಾತು ಭಾವಕ್ಕೆ ತಾಗುವುದಿಲ್ಲ, ಬರೀ ದನಿ ಹಿಡಿದು ಬರೆದರೆ ಬರಹ ಉದ್ದವಾಗುತ್ತದೆ ಎಂದು ಅವನು ಮುನ್ನುಡಿಯಲ್ಲೇ ತೋಡಿಕೊಂಡಿದ್ದಾನೆ. ಕೊನೆಗೆ ಎರಡನ್ನೂ ಬೆರೆಸಿದ.

ಇದನ್ನು ಓದುವಾಗ ನನಗೆ ನೆನಪಾದದ್ದು 'ಪಟ್ಟೋಲೆ ಪಳಮೆ'. ದುಡಿ ಬಡಿಯುತ್ತ ನಾಲ್ವರು ಹಾಡುವ ಪುತ್ತರಿಯ ಹಾಡು, ಮದುವೆಯ ಹಾಡು, ಸಾವಿನ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಅವರದ್ದೂ ಎರವಲು ಅಕ್ಷರವೇ, ಕನ್ನಡ ಲಿಪಿ. ಕೊಡವ ತಕ್ಕಿನಲ್ಲಿ ಕನ್ನಡಕ್ಕಿಲ್ಲದ ಸ್ವರಗಳಿವೆ. ತುಟಿ ದುಂಡಾಗಿಸದೆ 'ಉ' ಎಂದು ನೋಡಿ, ಅಂಥದ್ದೊಂದು. 'ತಕ್ಕ್' ಎಂಬ ಪದದ ಕೊನೆಯಲ್ಲಿರುವುದೇ ಅದು. ಕೆಲವರು ಅದನ್ನು ಅರ್ಧಾಕ್ಷರವಾಗಿ ಬರೆಯುತ್ತಾರೆ, ಕೆಲವರು 'ತಕ್ಕು' ಎನ್ನುತ್ತಾರೆ. ಎರಡೂ ಅಷ್ಟು ಸರಿಯಲ್ಲ. ಭಾಷಾವಿಜ್ಞಾನಿ ಎಮೆನೊ 1970ರಲ್ಲಿ ಕೊಡಗಿನ ಸ್ವರಗಳ ಬಗ್ಗೆಯೇ ಪ್ರತ್ಯೇಕ ಲೇಖನ ಬರೆಯಬೇಕಾಯಿತು. ಹಾಡು ಕೇಳಿ ಬೆಳೆದವರಿಗೆ ಪುಟದ ಮೇಲೆ ಏನೂ ಕೊರತೆ ಕಾಣುವುದಿಲ್ಲ, ಕಿವಿ ತಾನಾಗಿ ತುಂಬಿಕೊಳ್ಳುತ್ತದೆ. ಕೇಳದವರು ಅದೇ ಸಾಲನ್ನು ಕನ್ನಡದಂತೆ ಓದಿ ಮುಂದೆ ಹೋಗುತ್ತಾರೆ.

ಕಿವಿ ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೂ ಜಪಾನಿನಲ್ಲೇ ಉದಾಹರಣೆ ಇದೆ. ಸಾವಿರ ವರ್ಷ ಕಳೆಯುವಷ್ಟರಲ್ಲಿ ಕೊಜಿಕಿಯ ಅನೇಕ ಕಡೆ ಅರ್ಥ ತೋಚಿದರೂ ದನಿ ಯಾವುದೆಂದು ತಿಳಿಯದಂತಾಗಿತ್ತು. ಮೊತೊಓರಿ ನೊರಿನಾಗ 1764ರಲ್ಲಿ ಕೂತವನು 1798ರ ತನಕ, ಹೆಚ್ಚುಕಡಿಮೆ 35 ವರ್ಷ, ಆ ಒಂದೇ ಗ್ರಂಥವನ್ನು ಹೇಗೆ ಓದಬೇಕೆಂದು ವ್ಯಾಖ್ಯಾನ ಬರೆದ. ಯುನೆಸ್ಕೊ ಪಟ್ಟಿಯಲ್ಲಿ ಕೊಡವ ಭಾಷೆ ಅಳಿವಿನಂಚಿನದು. ನಮಗೆ ಒಬ್ಬ ನೊರಿನಾಗ ಬೇಕಾಗುವ ದಿನ ಬಹಳ ದೂರವಿಲ್ಲ ಎಂಬ ಭಯ ನನಗಿದೆ.

ಹೈಸಿಗ್ ಕ್ರಮದ ಪರವಾಗಿಯೂ ಒಂದು ಮಾತಿದೆ. ಚೀನೀಯರು ಜಪಾನೀ ಓದನ್ನು ಬೇಗ ಕಲಿಯುವುದು ಅಕ್ಷರದ ಅರ್ಥ ಮೊದಲೇ ಗೊತ್ತಿರುವುದರಿಂದ. ಹೊರಗಿನವರಿಗೂ ಆ ಅನುಕೂಲ ಸಿಗಲಿ ಎಂಬುದು ಅವರ ತರ್ಕ. ಆದರೆ ಚೀನೀಯರು ಆ ಅರ್ಥವನ್ನು ಕಲಿತದ್ದು ತಮ್ಮ ದನಿಯ ಜೊತೆಗೇ ಅಲ್ಲವೆ? ಅಲ್ಲದೆ ಎಷ್ಟೋ ಕಾಂಜಿಗಳ ಒಂದು ಭಾಗ ದನಿಯ ಸುಳಿವೇ ಆಗಿರುತ್ತದೆ. ನೀಲಿ ಎಂಬ ಅರ್ಥದ ಅಕ್ಷರಕ್ಕೆ ನೀರಿನ ಗುರುತು ಸೇರಿದರೆ 'ಶುದ್ಧ', ಸೂರ್ಯ ಸೇರಿದರೆ 'ತಿಳಿಯಾದ ಬಾನು'. ಮೂರಕ್ಕೂ 'ಸೇ' ಎಂಬ ಓದಿದೆ. ಕತೆ ಕಟ್ಟುವ ಭರದಲ್ಲಿ ಈ ಸುಳಿವು ಕೈತಪ್ಪುತ್ತದೆ. ಬೆಟ್ಟ ಎಂಬ ಅಕ್ಷರ ಒಂಟಿಯಾಗಿ 'ಯಾಮಾ', ಫುಜಿಯ ಬೆನ್ನಿಗೆ ಬಂದರೆ 'ಸಾನ್'. ಇದನ್ನು ಪದದೊಳಗೆ ಕೇಳಿದವರಿಗೆ ನಿಯಮ ಬೇಕಿಲ್ಲ.

ಹಾಗಾಗಿ ನಾನು ಎರಡನೆಯ ದಾರಿ ಹಿಡಿದಿದ್ದೇನೆ. ದಿನಕ್ಕೆ ಐದು ಪದ, ಮೊದಲು ಕೇಳುವುದು, ಆಮೇಲೆ ಬರೆಯುವುದು. ಅದೇ ನೋಟುಪುಸ್ತಕದ ಹಿಂಬದಿಯಲ್ಲಿ ಪಳಮೆಯ ಪದಗಳೂ ಸೇರುತ್ತಿವೆ. ಹಾಡಬಲ್ಲವರು ಸಿಕ್ಕಾಗ ಕೊನೆಯ ಸ್ವರ ಕೇಳಿ, ಅಕ್ಷರದ ತಲೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತೇನೆ.