ಮೊದಲ ಸೋಮವಾರದ ಕಾಗದಗಳು

ನಮ್ಮ ಸಂಘದ ಯುಗಾದಿ, ರಾಜ್ಯೋತ್ಸವಗಳೆಲ್ಲ ಚರ್ಚ್ ಹಾಲ್‌ಗಳಲ್ಲೇ ನಡೆಯುತ್ತವೆಂಬುದು ತಮಗೆಲ್ಲ ಗೊತ್ತಿದ್ದದ್ದೇ. ಬಾಡಿಗೆ ಕಡಿಮೆ, ಅಡುಗೆಮನೆ ಇದೆ, ಕಾರು ನಿಲ್ಲಿಸಲು ಜಾಗವಿದೆ. ಕಳೆದ ಸಲ ಬಿಸಿಬೇಳೆಬಾತಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಗೋಡೆಯ ಮೇಲಿನ ಒಂದು ಹಾಳೆಯತ್ತ ಕಣ್ಣು ಹೋಯಿತು. ಸುತ್ತಮುತ್ತಲ ಏಳೆಂಟು ಸಣ್ಣ ಚರ್ಚುಗಳ ಹೆಸರು, ಒಂದೊಂದರ ಕೆಳಗೂ ಎರಡು ಮೂರು ಸಾಲು. ಒಬ್ಬರಿಗೆ ಸೊಂಟದ ಮೂಳೆಯ ಆಪರೇಷನ್. ಒಂದು ಮನೆಯ ಮಗನಿಗೆ ಕೆಲಸ ಹೋಗಿದೆ. ಒಂದು ಕಡೆ ಛಾವಣಿ ಸೋರುತ್ತಿದೆ. ಇನ್ನೊಂದು ಕಡೆ ಪಾದ್ರಿಯಿಲ್ಲದೆ ವರ್ಷವಾಗಿದೆ. ಇವರೆಲ್ಲರನ್ನೂ ಈ ವಾರದ ಪ್ರಾರ್ಥನೆಯಲ್ಲಿ ನೆನೆಯಿರಿ ಎಂದು ಕೊನೆಗೊಂದು ಸಾಲು.

ವೈದ್ಯನಾದ ನನಗೆ ಮೊದಲು ಆದದ್ದು ಗಾಬರಿ. ರೋಗಿಯ ಹೆಸರನ್ನು ಗೋಡೆಗೆ ಅಂಟಿಸುವುದೇ? ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಇಲ್ಲಿಗೆ ಬಂದು ತರಬೇತಿ ಪಡೆದ ದಿನದಿಂದಲೂ ರೋಗಿಯ ಗುಟ್ಟನ್ನು ಕಾಯಬೇಕೆಂಬ ಪಾಠ ತಲೆಯಲ್ಲಿ ಕೂತಿದೆ. ಹಾಲ್‌ನ ಬೀಗದಕೈ ನೋಡಿಕೊಳ್ಳುವ ಅಜ್ಜಿಯನ್ನು ಕೇಳಿದೆ. ಆಕೆ ನಕ್ಕು, "ಆ ಸೊಂಟ ನನ್ನದೇ ಡಾಕ್ಟರೇ, ನಾನೇ ಬರೆಸಿದ್ದು" ಎಂದರು.

ಆ ಮಾತು ಮನಸ್ಸಿನಲ್ಲಿ ಉಳಿಯಿತು. ಈ ಪದ್ಧತಿ ಎಲ್ಲಿಂದ ಬಂತೆಂದು ಹುಡುಕುತ್ತ ಹೋದರೆ, ನಾವಿರುವ ಈ ಮಿಡ್‌ಲ್ಯಾಂಡ್ಸ್ ಸೀಮೆಯಲ್ಲೇ ಅದರ ಒಂದು ದೊಡ್ಡ ಕಥೆ ಸಿಕ್ಕಿತು. ಅದರ ಒಂದು ಎಳೆ ನಮ್ಮ ಕನ್ನಡಕ್ಕೂ ಬಂದು ಮುಟ್ಟುತ್ತದೆ. ಅದಕ್ಕೇ ಈ ಲೇಖನ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬ್ಯಾಪ್ಟಿಸ್ಟರು ಸಣ್ಣ ಪಂಗಡ. ಅವರಲ್ಲಿ ಬಿಷಪ್ಪರಿಲ್ಲ. ಒಂದೊಂದು ಸಭೆಯೂ ಸ್ವತಂತ್ರ. ಹೀಗೆ ಬಿಡಿಬಿಡಿಯಾಗಿದ್ದವರನ್ನು ಕಟ್ಟಿ ಹಿಡಿದದ್ದು ಕಾಗದಗಳು. ಒಂದು ಪ್ರಾಂತ್ಯದ ಸಭೆಗಳು ಸೇರಿ ಒಕ್ಕೂಟ ಮಾಡಿಕೊಂಡು ವರ್ಷಕ್ಕೊಮ್ಮೆ ಕೂಡುತ್ತಿದ್ದವು. ಪ್ರತಿ ಸಭೆಯೂ ತನ್ನ ಕ್ಷೇಮಸಮಾಚಾರ ಬರೆದು ಕಳಿಸಬೇಕು: ಹೊಸದಾಗಿ ಸೇರಿದವರೆಷ್ಟು, ತೀರಿಕೊಂಡವರೆಷ್ಟು, ಬೇರೆ ಊರಿಗೆ ಹೋದವರೆಷ್ಟು, ಹೊರಹಾಕಿದವರೆಷ್ಟು. ನಮ್ಮ ವಾರ್ಡಿನ ರಿಜಿಸ್ಟರಿನ ಹಾಗೆಯೇ! ಅವನ್ನು ಎಲ್ಲರೆದುರು ಓದಿ, ಆಮೇಲೆ ಒಂದು ಸುತ್ತೋಲೆಯನ್ನು ಅಚ್ಚು ಹಾಕಿಸಿ ಎಲ್ಲ ಸಭೆಗಳಿಗೂ ಕಳಿಸುತ್ತಿದ್ದರು. ನಾರ್ಥಾಂಪ್ಟನ್‌ಶೈರಿನ ಒಕ್ಕೂಟವೂ ಇಂಥದ್ದೇ.

1784ರ ವಸಂತದಲ್ಲಿ ನಾರ್ಥಾಂಪ್ಟನ್ನಿನ ಪಾದ್ರಿ ಜಾನ್ ರೈಲ್ಯಾಂಡ್ ಅವರಿಗೆ ಸ್ಕಾಟ್‌ಲೆಂಡಿನ ಜಾನ್ ಎರ್ಸ್ಕಿನ್ ಎಂಬುವರಿಂದ ಪುಸ್ತಕಗಳ ಒಂದು ಕಟ್ಟು ಬಂತು. ಅದರಲ್ಲಿ ಅಮೆರಿಕದ ಜಾನಥನ್ ಎಡ್ವರ್ಡ್ಸ್ ಸುಮಾರು ನಲವತ್ತು ವರ್ಷದ ಹಿಂದೆ ಬರೆದ ಒಂದು ಪುಸ್ತಕವಿತ್ತು. ಬೇರೆ ಬೇರೆ ಊರಿನ ಸಭೆಗಳು ಗೊತ್ತಾದ ಒಂದೇ ಸಮಯಕ್ಕೆ ಸೇರಿ ಒಂದೇ ವಿಷಯಕ್ಕಾಗಿ ಪ್ರಾರ್ಥಿಸಬೇಕೆಂಬುದು ಅದರ ಸಾರ. ರೈಲ್ಯಾಂಡ್ ಅದನ್ನು ಕೆಟರಿಂಗಿನ ಆಂಡ್ರ್ಯೂ ಫುಲ್ಲರ್‌ಗೂ ಓಲ್ನಿಯ ಜಾನ್ ಸಟ್‌ಕ್ಲಿಫ್‌ಗೂ ಓದಲು ಕೊಟ್ಟರು. ಅದೇ ಜೂನ್ ತಿಂಗಳಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಒಕ್ಕೂಟ ಸೇರಿದಾಗ ಸಟ್‌ಕ್ಲಿಫ್ ಒಂದು ಸಲಹೆ ಮುಂದಿಟ್ಟರು. ತಿಂಗಳ ಮೊದಲ ಸೋಮವಾರ ಸಂಜೆ ಒಂದು ಗಂಟೆ ಎಲ್ಲ ಸಭೆಗಳೂ ಪ್ರಾರ್ಥನೆಗೆ ಕೂಡಬೇಕು. ತಮ್ಮ ಸಭೆಗಷ್ಟೇ ಅಲ್ಲ, ಬೇರೆ ಪಂಗಡಗಳಿಗೂ, ಭೂಮಿಯ ದೂರದ ಮೂಲೆಗಳಿಗೂ ಸೇರಿಸಿ. ಠರಾವು ಒಪ್ಪಿಗೆಯಾಯಿತು.

ಮೇಲ್ನೋಟಕ್ಕೆ ಇದು ಸಣ್ಣ ಸಂಗತಿ. ಆದರೆ ದೂರದವರಿಗಾಗಿ ಪ್ರಾರ್ಥಿಸಲು ಕೂತವನಿಗೆ ದೂರದವರ ಸುದ್ದಿ ಬೇಕಾಗುತ್ತದೆ. ಸುದ್ದಿ ಬಂದರೆ ಏನಾದರೂ ಮಾಡಬೇಕೆನಿಸುತ್ತದೆ. ಚಮ್ಮಾರಿಕೆ ಮಾಡಿಕೊಂಡಿದ್ದು ಪಾದ್ರಿಯಾದ ವಿಲಿಯಂ ಕೇರಿ ಇದೇ ಒಕ್ಕೂಟದವರು. ಅವರ ಒತ್ತಾಯದಿಂದ 1792ರ ಅಕ್ಟೋಬರ್ 2ರಂದು ಕೆಟರಿಂಗಿನಲ್ಲಿ ಒಬ್ಬ ವಿಧವೆಯ ಮನೆಯ ಹಿಂಭಾಗದ ಕೋಣೆಯಲ್ಲಿ ಹನ್ನೆರಡು ಹದಿನಾಲ್ಕು ಜನ ಸೇರಿ ಮಿಷನ್ ಸಂಘ ಕಟ್ಟಿದರು. ಚಂದಾ ಬರೆಸಿದ್ದು 13 ಪೌಂಡು, 2 ಶಿಲ್ಲಿಂಗು, 6 ಪೆನ್ಸ್. ಮರುವರ್ಷ ಜೂನ್‌ನಲ್ಲಿ ಡ್ಯಾನಿಶ್ ಹಡಗೊಂದನ್ನು ಹತ್ತಿದ ಕೇರಿ ನವೆಂಬರಿನಲ್ಲಿ ಕಲ್ಕತ್ತಾ ಮುಟ್ಟಿದರು. ಮೊದಲು ಬರುವುದಿಲ್ಲವೆಂದಿದ್ದ ಹೆಂಡತಿ ಡೊರೊತಿ, ಕೊನೆಗಳಿಗೆಯಲ್ಲಿ ಒಪ್ಪಿ ಕೈಗೂಸಿನೊಡನೆ ಹೊರಟಿದ್ದರು.

ಪರದೇಶದಲ್ಲಿ ಬದುಕುವ ನಮಗೆ ಮುಂದಿನ ಭಾಗ ಚೆನ್ನಾಗಿ ಅರ್ಥವಾಗಬೇಕು. ಇಂಗ್ಲೆಂಡಿನಿಂದ ಅವರಿಗೆ ವರ್ಷಕ್ಕೂ ಮಿಕ್ಕಿ ಒಂದು ಕಾಗದವೂ ಬರಲಿಲ್ಲ. 1794ರಲ್ಲಿ ಬಂಗಾಳದ ಹಳ್ಳಿಯೊಂದರಲ್ಲಿ ಐದು ವರ್ಷದ ಮಗ ಪೀಟರ್ ಆಮಶಂಕೆಯಿಂದ ತೀರಿಕೊಂಡ. ಈಗಾದರೆ ಉಪ್ಪು ಸಕ್ಕರೆಯ ನೀರು, ಸರಿಯಾದ ಔಷಧ ಸಿಕ್ಕರೆ ಅಂಥ ಮಗು ಬಹುಮಟ್ಟಿಗೆ ಉಳಿಯುತ್ತದೆ. ಡೊರೊತಿಯ ಮನಸ್ಸು ಕೆಟ್ಟಿತು. ಗಂಡನ ಮೇಲೆ ಇಲ್ಲದ ಸಂಶಯ, ಕೂಗಾಟ. ಕೇರಿ 1795ರಲ್ಲಿ ಸಹೋದರಿಯರಿಗೆ ಬರೆದ ಕಾಗದದಲ್ಲಿ ಈ ಸಂಕಟವನ್ನು ತೋಡಿಕೊಂಡಿದ್ದಾರೆ. 1807ರಲ್ಲಿ ಆಕೆ ಸಾಯುವವರೆಗೂ ವಾಸಿಯಾಗಲಿಲ್ಲ. ಕೇರಿಯೊಂದಿಗೆ ಬಂದಿದ್ದ ವೈದ್ಯ ಜಾನ್ ಥಾಮಸ್ ಅವರಿಗೂ 1800ರ ಕೊನೆಯಲ್ಲಿ ಬುದ್ಧಿಭ್ರಮೆಯಾಯಿತು.

ಇತ್ತ ಕೆಟರಿಂಗಿನಲ್ಲಿ ಫುಲ್ಲರ್ ಬಂದ ಕಾಗದಗಳಿಂದ ಆಯ್ದ ಭಾಗಗಳನ್ನು 1794ರಿಂದ ಅಚ್ಚು ಹಾಕಿಸತೊಡಗಿದರು. ಹಳ್ಳಿಯ ಸಭೆಗಳಲ್ಲಿ ಜನ ಅವನ್ನು ಓದಿಸಿ ಕೇಳುತ್ತಿದ್ದರು. ಆ ಕಾಗದಗಳಲ್ಲಿ ನಮ್ಮ ದೇಶ ಕಂಡದ್ದು ಹೆಚ್ಚಾಗಿ ಕತ್ತಲೆಯ ನಾಡಾಗಿ. ಮತಾಂತರವೇ ಅವರ ಗುರಿ. ಅದನ್ನು ಮರೆಮಾಚಬೇಕಾಗಿಲ್ಲ. ಯಾರಿಗಾಗಿ ಪ್ರಾರ್ಥಿಸುತ್ತಿದ್ದರೋ ಆ ಜನರ ಮಾತು ಆ ಪುಟಗಳಲ್ಲಿ ಕಡಿಮೆ.

ಈಗ ಕನ್ನಡದ ಮಾತು. 1800ರಲ್ಲಿ ಕೇರಿ, ಮಾರ್ಷ್‌ಮನ್, ವಾರ್ಡ್ ಮೂವರೂ ಶ್ರೀರಾಮಪುರದಲ್ಲಿ ನೆಲೆನಿಂತು ಅಚ್ಚುಕೂಟ ಹಾಕಿದರು. ಭಾರತದ ಹಲವು ಭಾಷೆಗಳ ಅಕ್ಷರಗಳನ್ನು ಎರಕ ಹೊಯ್ದರು. ಕರ್ನಾಟಕದಲ್ಲಿ ಕಾಲಿಡದೆಯೇ ಕೇರಿ ಪಂಡಿತರ ನೆರವಿನಿಂದ ಕನ್ನಡವನ್ನೂ ಹಿಡಿದರು. 1812ರ ಮಾರ್ಚ್ 11ರ ಸಂಜೆ ಅಚ್ಚುಕೂಟದ ಕಾಗದದ ರಾಶಿಗೆ ಬೆಂಕಿ ಬಿತ್ತು. ವಾರ್ಡ್ ಗಾಳಿ ಆಡದಂತೆ ಕಿಟಕಿಗಳನ್ನೆಲ್ಲ ಮುಚ್ಚಿಸಿ ಚಾವಣಿಯಿಂದ ನೀರು ಹೊಯ್ಸಿದರು. ಯಾರೋ ಒಂದು ಕಿಟಕಿ ತೆರೆದರು. ಮಧ್ಯರಾತ್ರಿಯ ಹೊತ್ತಿಗೆ ಸೂರು ಕುಸಿಯಿತು. ಜೀವಹಾನಿ ಆಗಲಿಲ್ಲ. ಆದರೆ ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳು ಬೂದಿಯಾದವು. ಅವುಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯ ಅನುವಾದವೂ ಇತ್ತು. ಕಲ್ಕತ್ತೆಯಲ್ಲಿದ್ದ ಕೇರಿಗೆ ಮರುದಿನ ಬೆಳಿಗ್ಗೆ ಮಾರ್ಷ್‌ಮನ್ನರೇ ಹೋಗಿ ಸುದ್ದಿ ಹೇಳಬೇಕಾಯಿತು.

ಇಂಗ್ಲೆಂಡಿಗೆ ಆ ಸುದ್ದಿ ತಲುಪಿದ್ದು ಸೆಪ್ಟೆಂಬರಿನಲ್ಲಿ, ಆರು ತಿಂಗಳ ಮೇಲೆ. ಆದರೆ ಇಪ್ಪತ್ತೆಂಟು ವರ್ಷಗಳಿಂದ ಕಾಗದ ಓದಿ ಓದಿ ಹದವಾಗಿದ್ದ ಜಾಲ ಎಚ್ಚರವಾಗಿತ್ತು. ನಷ್ಟವಾದದ್ದು ಸುಮಾರು 10,000 ಪೌಂಡು. ಎರಡೇ ತಿಂಗಳಲ್ಲಿ ಅಷ್ಟೂ ಕೂಡಿತು. ಇನ್ನು ಸಾಕೆಂದು ಫುಲ್ಲರ್ ಹೇಳಬೇಕಾಯಿತು. 13 ಪೌಂಡಿನಿಂದ ಹೊರಟವರು 20 ವರ್ಷದಲ್ಲಿ ಮುಟ್ಟಿದ ಜಾಗ ಇದು. ಇತ್ತ ವಾರ್ಡ್ ಬೂದಿ ಕೆದಕಿ, ಕೆಡದೆ ಉಳಿದಿದ್ದ ಉಕ್ಕಿನ ಅಚ್ಚುಗಳನ್ನು ಆರಿಸಿ ತೆಗೆದು, ಕರಗಿದ ಸೀಸವನ್ನು ಮತ್ತೆ ಎರಕ ಹೊಯ್ಯಿಸಿದ್ದರು. ಕೇರಿ ಮತ್ತೆ ಮೊದಲಿನಿಂದ ಕೂತರು. 1817ರಲ್ಲಿ ಅವರ ಕನ್ನಡ ವ್ಯಾಕರಣ ಶ್ರೀರಾಮಪುರದಿಂದಲೇ ಹೊರಬಂತು. ನಮ್ಮ ಭಾಷೆಯ ಆ ಪುಸ್ತಕದ ಬೆನ್ನ ಹಿಂದೆ ಈ ಸೀಮೆಯ ರೈತರ, ಚಮ್ಮಾರರ ಶಿಲ್ಲಿಂಗುಗಳೂ ಇವೆ.

ಕರ್ನಾಟಕದೊಳಗೆ ಈ ಕೆಲಸ ಬೇರೆ ಮಿಷನ್‌ಗಳಿಂದ ನಡೆಯಿತು. 1810ರಲ್ಲಿ ಬಳ್ಳಾರಿಗೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, 1834ರಲ್ಲಿ ಮಂಗಳೂರಿಗೆ ಬಾಸೆಲ್ ಮಿಷನ್. ಮೋಗ್ಲಿಂಗ್ ಅವರು 1843ರಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ' ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದ ಪತ್ರಿಕೆ. ಆ ಮಿಷನರಿಗಳೂ ತಮ್ಮ ತಾಯಿಸಭೆಗೆ ವರದಿ ಬರೆಯುತ್ತಲೇ ಇದ್ದರು. ಆಮೇಲೆ ಗಾಳಿ ತಿರುಗಿತು. 1858ರಲ್ಲಿ ಪಂಜಾಬಿನ ಲೂಧಿಯಾನದ ಪ್ರೆಸ್ಬಿಟೇರಿಯನ್ ಮಿಷನ್ ಲೋಕದ ಎಲ್ಲ ಸಭೆಗಳಿಗೂ ಕಾಗದ ಬರೆದು, 1860ರ ಜನವರಿಯಲ್ಲಿ ಒಂದು ವಾರ ಒಟ್ಟಾಗಿ ಪ್ರಾರ್ಥಿಸಿರೆಂದು ಕೇಳಿತು. ಆ ಪ್ರಾರ್ಥನಾ ವಾರ ಮುಂದೆ ವರ್ಷ ವರ್ಷವೂ ಬಂದ ರೂಢಿಯಾಯಿತು. ಕರೆ ಹೊರಟದ್ದು ಭಾರತದ ನೆಲದಿಂದ.

ಪ್ರಾರ್ಥನೆಯಿಂದ ಮೂಳೆ ಕೂಡುತ್ತದೆಯೇ ಎಂದು ನನ್ನನ್ನು ಕೇಳಬೇಡಿ. ನಾನು ಸಂಕಷ್ಟಿಯ ದಿನ ಗಣಪತಿಗೆ ಕೈ ಮುಗಿದೇ ಡ್ಯೂಟಿಗೆ ಹೋಗುವವನು. ಆದರೆ ಯಾರಿಗೂ ಹೇಳದೆ ನರಳುವವನು ತಡವಾಗಿ ಆಸ್ಪತ್ರೆಗೆ ಬರುತ್ತಾನೆ, ಒಬ್ಬನೇ ಮನೆಗೆ ಹೋಗುತ್ತಾನೆ ಎಂಬುದನ್ನು ಈ ಕಣ್ಣಿನಿಂದ ಕಂಡಿದ್ದೇನೆ.

ಕಂಡದ್ದಷ್ಟೇ ಅಲ್ಲ. ಮೂರು ವರ್ಷದ ಹಿಂದೆ ನನಗೆ ಹೃದಯದ ಬೈಪಾಸ್ ಆಯಿತು. ಈ ಸಂಘದಲ್ಲಿ ಯಾರಿಗೂ ಗೊತ್ತಿಲ್ಲ. ಹೇಳಬೇಡವೆಂದು ಹೆಂಡತಿಯ ಬಾಯಿ ಕಟ್ಟಿದವನು ನಾನೇ. ಡಾಕ್ಟರಿಗೇ ಹೀಗಾಯಿತಂತೆ ಎನ್ನುತ್ತಾರಲ್ಲ ಎಂಬ ನಾಚಿಕೆ. ಆರು ವಾರ ಆಕೆ ಕೆಲಸ, ಆಸ್ಪತ್ರೆ, ಅಡುಗೆ ಎಲ್ಲವನ್ನೂ ಒಬ್ಬಳೇ ಹೊತ್ತಳು. ಒಂದು ರಾತ್ರಿ ಸಿಂಕಿನ ಮುಂದೆ ನಿಂತು ಅಳುತ್ತಿದ್ದುದು ಮಹಡಿಯ ಮೇಲಿದ್ದ ನನಗೆ ಕೇಳಿಸಿತು. ನಮ್ಮ ಇದೇ ಪತ್ರಿಕೆಯ ಆ ಸಂಚಿಕೆಯಲ್ಲಿ ನಮ್ಮ ಮನೆಯ ಸುದ್ದಿಯೂ ಬಂದಿತ್ತು: ಮಗಳು ಪದವಿ ಪಡೆದದ್ದಕ್ಕೆ ಅಭಿನಂದನೆ!

ನಮ್ಮ ವಾರ್ತೆಗಳಲ್ಲಿ ಗೃಹಪ್ರವೇಶವಿದೆ, ಮದುವೆಯಿದೆ, ಅರಂಗೇಟ್ರಂ ಇದೆ. ಕೊನೆಗೆ ಶ್ರದ್ಧಾಂಜಲಿ ಇದೆ. ನಡುವಿನದು ಮಾತ್ರ ಇಲ್ಲ. ಆದ್ದರಿಂದ ಸಂಪಾದಕರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಂಚಿಕೆಯಿಂದ ಅರ್ಧ ಪುಟ ಬಿಡಿ. ಯಾರಿಗೆ ಹುಷಾರಿಲ್ಲ, ಯಾರ ಮನೆಗೆ ಒಂದು ಹೊತ್ತಿನ ಸಾರು ಅನ್ನ ಬೇಕು, ಯಾರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಅಷ್ಟು ಸಾಕು. ಸಂಬಂಧಪಟ್ಟವರು ಒಪ್ಪಿ ಹೇಳಿದ್ದನ್ನು ಮಾತ್ರ ಹಾಕಿ. ಆ ಅಜ್ಜಿಯ ಹಾಗೆ, ತಮ್ಮ ಸೊಂಟದ ಸುದ್ದಿಯನ್ನು ತಾವೇ ಬರೆಸಬೇಕು.

ಮೊದಲ ಹೆಸರು ಬರೆಯಲು ಸಂಕೋಚವಾದೀತು. ಅದಕ್ಕೇ ನನ್ನದನ್ನು ಇಲ್ಲಿ ಬರೆದುಬಿಟ್ಟಿದ್ದೇನೆ. ಈಗ ಆರೋಗ್ಯವಾಗಿದ್ದೇನೆ. ಸಾರು ಕಳಿಸಬೇಕಾಗಿಲ್ಲ.