ಗೋಶೆನೆನ್‌ನಲ್ಲಿ ಇಳಿಯಬೇಕು

ಬಾಸೆಲ್‌ನಿಂದ ಲುಗಾನೋಗೆ ರೈಲಿನಲ್ಲಿ ಹೋಗಲು ಎರಡು ದಾರಿಗಳಿವೆ. ಒಂದು, ಆಲ್ಪ್ಸ್ ಪರ್ವತದ ಬುಡದಲ್ಲೇ ಕೊರೆದು 2016ರಲ್ಲಿ ತೆರೆದ 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ತಳಸುರಂಗದ ದಾರಿ. ಇನ್ನೊಂದು 1882ರ ಹಳೆಯ ದಾರಿ. ಅದು ಬೆಟ್ಟ ಹತ್ತಿ, ಗೋಶೆನೆನ್ ಎಂಬ ಊರಿನಲ್ಲಿ 15 ಕಿಲೋಮೀಟರ್ ಸುರಂಗವನ್ನು ಹೊಕ್ಕು, ಐರೋಲೋದಲ್ಲಿ ಹೊರಬಂದು, ಮತ್ತೆ ಬೆಟ್ಟ ಇಳಿಯುತ್ತದೆ. ಮೊಬೈಲಿನಲ್ಲಿ ಹೊರಡುವ ಊರು, ಸೇರುವ ಊರು ಹಾಕಿದರೆ ಮೊದಲು ಬರುವುದು ತಳಸುರಂಗದ ರೈಲು. ಹಳೆಯದು ಬೇಕೆಂದರೆ ‘ಗೋಶೆನೆನ್ ಮೂಲಕ’ ಎಂದು ನಾವೇ ಸೇರಿಸಬೇಕು. ಸುಮಾರು ಒಂದು ಗಂಟೆ ಹೆಚ್ಚು ಹಿಡಿಯುತ್ತದೆ. ಬರುವ ಅಕ್ಟೋಬರ್‌ಗೆ ನಾನು ಹಾಕಿಕೊಂಡಿರುವ ಐದು ದಿನದ ಪ್ರವಾಸ ನಿಂತಿರುವುದು ಈ ಒಂದು ಗಂಟೆಯ ಮೇಲೆ.

ಬಾಸೆಲ್‌ಗೆ ಹೋಗುತ್ತಿರುವುದು ಸರೋವರ ನೋಡಲು ಏನಲ್ಲ. ಮಂಗಳೂರಿನ ಹಂಚಿನ ಕಾರ್ಖಾನೆಗಳ ಕೆಲಸಗಾರರ ಕುರಿತು ಪಿಎಚ್‌ಡಿ ಮಾಡುವವರಿಗೆ ಬಾಸೆಲ್ ಮಿಷನ್ನಿನ ದಾಖಲಾಲಯವನ್ನು ನೋಡದೆ ಗತಿಯಿಲ್ಲ. ಸ್ಯಾಮ್ಯುಯೆಲ್ ಹೆಬಿಕ್ ಮತ್ತು ಅವನ ಇಬ್ಬರು ಸಂಗಡಿಗರು 1834ರಲ್ಲಿ ಮಂಗಳೂರಿಗೆ ಬಂದಾಗ ಬಾಸೆಲ್‌ಗೆ ರೈಲೇ ಇರಲಿಲ್ಲ. ಫ್ರಾನ್ಸಿನ ಕಡೆಯಿಂದ ಮೊದಲ ರೈಲು ಆ ಊರು ಮುಟ್ಟಿದ್ದು 1844ರಲ್ಲಿ. ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಾದ ಏಳು ವರ್ಷಕ್ಕೆ ಗೊಟ್ಹಾರ್ಡ್ ಸುರಂಗದ ಕೆಲಸ ಶುರುವಾಯಿತು. ಎರಡೂ ಕಡೆ ನನ್ನನ್ನು ಕಾಡುವ ಪ್ರಶ್ನೆ ಒಂದೇ ಆದದ್ದರಿಂದ, ದಾಖಲಾಲಯದ ಕೆಲಸ ಮುಗಿದ ಮೇಲೆ ಉಳಿಯುವ ಐದು ದಿನಗಳನ್ನು ಗೊಟ್ಹಾರ್ಡ್‌ಗೆ ಕೊಟ್ಟಿದ್ದೇನೆ. ಫೆಲೋಶಿಪ್ಪಿನ ದುಡ್ಡಿನಲ್ಲಿ ಸ್ವಿಸ್ ರೈಲಿನ ಟಿಕೆಟ್ ತೆಗೆಯುವುದು ಹುಡುಗಾಟವಲ್ಲ. ಅರ್ಧ ದರದ ಕಾರ್ಡು ಕೊಂಡು, ಮಧ್ಯಾಹ್ನದ ಊಟಕ್ಕೆ ಬ್ರೆಡ್ಡು ಚೀಸು ಎಂದು ಈಗಲೇ ತೀರ್ಮಾನಿಸಿ ಆಗಿದೆ.

ಅಕ್ಟೋಬರ್ ಎಂದರೆ ಅಲ್ಲಿ ಶರತ್ಕಾಲದ ನಡುಭಾಗ. ಬೇಸಿಗೆಯಿಡೀ ಎತ್ತರದ ಹುಲ್ಲುಗಾವಲುಗಳಲ್ಲಿ ಮೇಯುತ್ತಿದ್ದ ದನಗಳನ್ನು ಸೆಪ್ಟೆಂಬರಿನಲ್ಲಿ ಕೊರಳಿಗೆ ದೊಡ್ಡ ಗಂಟೆ ಕಟ್ಟಿ, ತಲೆಗೆ ಹೂ ಮುಡಿಸಿ ಕೆಳಗಿನ ಊರುಗಳಿಗೆ ಇಳಿಸಿ ಆಗಿರುತ್ತದೆ. ಟಿಚಿನೋ ಪ್ರಾಂತ್ಯದಲ್ಲಿ ಚೆಸ್ಟ್‌ನಟ್ ಸುಡುವ ಕಾಲ. ಈಗ ಅದು ಹಬ್ಬದ ತಿನಿಸು, ಹಿಂದೆ ಬಡವರ ಹಿಟ್ಟು. ಎಂಗಡೀನ್ ಕಣಿವೆಯಲ್ಲಿ ಲಾರ್ಚ್ ಮರಗಳು ಹಳದಿಯಾಗುತ್ತವೆ. ಸೂಜಿಯೆಲೆಯ ಜಾತಿಗೆ ಸೇರಿಯೂ ಚಳಿಗಾಲಕ್ಕೆ ಎಲೆ ಉದುರಿಸುವ ಮರ ಅದು. ಥಾಮಸ್ ಕುಕ್ 1863ರಲ್ಲಿ ಇಂಗ್ಲೆಂಡಿನಿಂದ ಮೊದಲ ಪ್ರವಾಸಿ ತಂಡವನ್ನು ಸ್ವಿಟ್ಜರ್ಲೆಂಡಿಗೆ ಕರೆತಂದದ್ದು ಬೇಸಿಗೆಯಲ್ಲಿ. ಬಹುಕಾಲ ಬೇಸಿಗೆಯೊಂದೇ ಪ್ರವಾಸದ ಕಾಲವಾಗಿತ್ತು. ಸುರಂಗದೊಳಗೆ ಮಾತ್ರ ಇಂಥ ಕಾಲಭೇದ ಇರಲಿಲ್ಲ.

ಮೊದಲ ದಿನ ಲುಸರ್ನ್. ಅಲ್ಲಿಂದ ದೋಣಿಯಲ್ಲಿ ವಿಟ್ಸ್‌ನಾವ್ ಎಂಬ ದಂಡೆಯೂರು. ಯುರೋಪಿನ ಮೊದಲ ಹಲ್ಲುಕಂಬಿ ಬೆಟ್ಟದ ರೈಲು 1871ರಲ್ಲಿ ಇಲ್ಲಿಂದಲೇ ರಿಗಿ ಬೆಟ್ಟ ಹತ್ತಿತು. ಎರಡು ಹಳಿಗಳ ನಡುವೆ ಏಣಿಯಂಥ ಕಂಬಿ, ಅದರಲ್ಲಿ ಸಿಕ್ಕಿಕೊಂಡು ತಿರುಗುವ ಹಲ್ಲಿನ ಚಕ್ರ. ಊಟಿಯ ರೈಲು ಹತ್ತಿದವರಿಗೆ ಈ ತತ್ವವನ್ನು ವಿವರಿಸಬೇಕಿಲ್ಲ. ರಿಗಿಯ ರೈಲು ಕಟ್ಟಿದ ನಿಕ್ಲಾವುಸ್ ರಿಗೆನ್‌ಬಾಖ್‌ನ ಸಲಹೆಯನ್ನು ನೀಲಗಿರಿಯವರೂ ಕೇಳಿದ್ದರು. ಕೊನೆಗೆ ಅಲ್ಲಿ ಬಂದದ್ದು ಇನ್ನೊಬ್ಬ ಸ್ವಿಸ್ ಎಂಜಿನಿಯರ್ ರೋಮನ್ ಆಪ್ಟ್‌ನ ಪದ್ಧತಿ. 1899ರಲ್ಲಿ ಕೂನೂರಿನ ತನಕ, 1908ರಲ್ಲಿ ಊಟಿಯ ತನಕ. ಆದರೆ ರಿಗಿಯ ಮೇಲೆ ಹತ್ತುವ ಟಿಕೆಟ್ ನನ್ನ ಪಟ್ಟಿಯಲ್ಲಿಲ್ಲ. ದಂಡೆಯಲ್ಲಿ ನಿಂತು ಆ ಹಲ್ಲುಗಳನ್ನು ನೋಡಿದರೆ ಸಾಕು. ಅಲ್ಲಿಂದ ಅದೇ ಸರೋವರದ ತೆಂಕಣ ತುದಿಯ ಫ್ಲ್ಯೂಲೆನ್‌ಗೆ ಮತ್ತೆ ದೋಣಿ.

ರೈಲು ಬರುವ ಮೊದಲು ದೋಣಿಯಿಂದ ಇಳಿದವರು ಫ್ಲ್ಯೂಲೆನ್‌ನಲ್ಲಿ ಕುದುರೆಗಾಡಿ ಹತ್ತುತ್ತಿದ್ದರು. ಗೊಟ್ಹಾರ್ಡ್ ಕಣಿವೆಮಾರ್ಗ ದಾಟಿ ಇಟಲಿಯ ಕಡೆ ಇಳಿಯುವ ಟಪಾಲು ಗಾಡಿ ಅದು. ರುಡಾಲ್ಫ್ ಕೊಲ್ಲರ್ 1873ರಲ್ಲಿ ಬರೆದ ‘ಗೊಟ್ಹಾರ್ಡ್ ಟಪಾಲು’ ಎಂಬ ಚಿತ್ರದಲ್ಲಿ ಆ ಗಾಡಿ ಧೂಳೆಬ್ಬಿಸಿಕೊಂಡು ಇಳಿಜಾರಿನಲ್ಲಿ ಧಾವಿಸಿ ಬರುತ್ತಿದೆ, ಒಂದು ಕರು ಹೆದರಿ ಮುಂದೆ ಓಡುತ್ತಿದೆ. ಸ್ವಿಟ್ಜರ್ಲೆಂಡಿನಲ್ಲಿ ಈ ಚಿತ್ರವನ್ನು ತಿಳಿಯದವರು ಕಡಿಮೆ. ಇದನ್ನು ಬರೆಸಿದ್ದು ಒಂದು ರೈಲ್ವೆ ಕಂಪನಿ. ಕಾಣಿಕೆಯಾಗಿ ಪಡೆದವನು ಆಲ್ಫ್ರೆಡ್ ಎಷರ್, ಅಂದರೆ ಆ ಕುದುರೆಗಾಡಿಗೆ ಕೆಲಸವಿಲ್ಲದಂತೆ ಮಾಡಲಿದ್ದ ಗೊಟ್ಹಾರ್ಡ್ ರೈಲ್ವೆಯ ಅಧ್ಯಕ್ಷ. ಆ ಹೊತ್ತಿಗೆ ಸುರಂಗದ ಕೆಲಸ ಆರಂಭವಾಗಿ ಆಗಿತ್ತು. ಹೊಸದನ್ನು ತರುವವರಿಗೆ ಹಳೆಯದರ ಚಿತ್ರವನ್ನು ಗೋಡೆಗೆ ಹಾಕಿಕೊಳ್ಳುವ ಹಂಬಲ ಯಾಕಿರುತ್ತದೋ!

ಎರಡನೆಯ ದಿನವೇ ನನ್ನ ಪ್ರವಾಸದ ಮುಖ್ಯ ದಿನ. ರೈಲು ರಾಯ್ಸ್ ನದಿಯ ಕಣಿವೆಯನ್ನು ಹತ್ತುತ್ತದೆ. ವಾಸ್ಸೆನ್ ಎಂಬ ಹಳ್ಳಿಯ ಹತ್ತಿರ ಏರು ಕಡಿದು. ಹಲ್ಲುಕಂಬಿ ಇಲ್ಲದೆ ಅಷ್ಟು ಎತ್ತರ ಗಳಿಸಲು ಹಳಿಯನ್ನು ಬೆಟ್ಟದ ಹೊಟ್ಟೆಯಲ್ಲಿ ಸುತ್ತಿಸಿದ್ದಾರೆ. ಹಾಗಾಗಿ ಹಳ್ಳಿಯ ಬಿಳಿ ಇಗರ್ಜಿ ಕಿಟಕಿಯಲ್ಲಿ ಮೂರು ಸಲ ಕಾಣುತ್ತದೆ: ಮೊದಲು ತಲೆಯ ಮೇಲೆ, ಆಮೇಲೆ ಕಣ್ಣಿನ ಮಟ್ಟದಲ್ಲಿ, ಕೊನೆಗೆ ಕಾಲ ಕೆಳಗೆ. ಯಾವ ಕಡೆಯ ಸೀಟು ಹಿಡಿಯಬೇಕು ಎಂಬ ಚಿಂತೆ ಬೇಡ, ದಿಕ್ಕು ತಿರುಗುತ್ತಲೇ ಇರುತ್ತದೆ.

ಇಗರ್ಜಿ ಮರೆಯಾದ ಸ್ವಲ್ಪ ಹೊತ್ತಿಗೆ ಗೋಶೆನೆನ್. ಪ್ರವಾಸಿಗರು ಇಲ್ಲಿ ಇಳಿದರೂ ಅಂಡರ್‌ಮಾಟ್‌ಗೆ ಹೋಗುವ ಚಿಕ್ಕ ರೈಲಿಗೆ ಬದಲಾಯಿಸಲು ಮಾತ್ರ. ನನಗೆ ಇಲ್ಲಿ ಅರ್ಧ ದಿನ ಬೇಕು.

ಸುರಂಗದ ಗುತ್ತಿಗೆ 1872ರಲ್ಲಿ ಲೂಯಿ ಫಾವ್ರ ಎಂಬ ಜಿನೀವಾದವನಿಗೆ ಆಯಿತು. ಬಡಗಿ ಕೆಲಸದಿಂದ ಮೇಲೆ ಬಂದವನು. ಎಂಟು ವರ್ಷದಲ್ಲಿ ಮುಗಿಸುತ್ತೇನೆಂದು ಬರೆದುಕೊಟ್ಟ. ತಡವಾದರೆ ದಿನಕ್ಕೆ 5,000 ಫ್ರಾಂಕ್ ದಂಡ, ಬೇಗ ಮುಗಿದರೆ ದಿನಕ್ಕೆ ಅಷ್ಟೇ ಬಹುಮಾನ. ಮುಂದೆ ನಡೆದ ಬಹಳಷ್ಟು ಸಂಗತಿಗಳ ಬೇರು ಈ ಷರತ್ತಿನಲ್ಲಿದೆ ಎಂದು ನನಗನ್ನಿಸುತ್ತದೆ. ದಂಡ ಬೀಳುವುದು ದಿನದ ಲೆಕ್ಕದಲ್ಲಿ; ಆದ್ದರಿಂದ ಸಿಡಿಮದ್ದಿನ ಹೊಗೆ ತಿಳಿಯಾಗಲು ಕಾಯುವ ಪ್ರತಿ ಗಂಟೆಯೂ ಗುತ್ತಿಗೆದಾರನಿಗೆ ನಷ್ಟ. ಬಂಡೆಗೆ ಒತ್ತಿದ ಗಾಳಿಯಿಂದ ನಡೆಯುವ ಯಂತ್ರಗಳಲ್ಲಿ ತೂತು ಕೊರೆದು, ಡೈನಮೈಟ್ ತುಂಬಿ ಸಿಡಿಸಿ, ಒಡೆದ ಕಲ್ಲನ್ನು ಹೊರಗೆ ಸಾಗಿಸುವುದು. ಹಗಲು ರಾತ್ರಿ ಪಾಳಿಯಲ್ಲಿ. ಒಳಗಿನ ಶಾಖ 30 ಡಿಗ್ರಿ ದಾಟುತ್ತಿತ್ತು. ಕೆಲಸಗಾರರಲ್ಲಿ ಹೆಚ್ಚಿನವರು ಉತ್ತರ ಇಟಲಿಯ ಹಳ್ಳಿಗಳಿಂದ ಬಂದವರು. ಕೆಲವು ನೂರು ಜನರಿದ್ದ ಗೋಶೆನೆನ್‌ನಲ್ಲಿ ಸಾವಿರಗಟ್ಟಲೆ ಜನ ತುಂಬಿದರು. ಒಬ್ಬ ಪಾಳಿಗೆ ಎದ್ದುಹೋದರೆ ಪಾಳಿ ಮುಗಿಸಿ ಬಂದವನು ಅದೇ ಹಾಸಿಗೆಯಲ್ಲಿ ಮಲಗುತ್ತಿದ್ದ.

1875ರ ಜುಲೈ 27ರಂದು ಅವರು ಸುರಂಗದ ಬಾಯಿಗೆ ಅಡ್ಡ ನಿಂತರು. ಹೊಗೆ ತುಂಬಿದ ಸುರಂಗದೊಳಗೆ ಹೋಗಲಾರೆವು, ಕೂಲಿ ಹೆಚ್ಚಿಸಿ ಎಂಬುದು ಮುಷ್ಕರದ ಮಾತು. ಮರುದಿನ ಊರಿ ಪ್ರಾಂತ್ಯದ ಆಡಳಿತ ಕಳಿಸಿದ ಪಡೆ ಗುಂಡು ಹಾರಿಸಿತು. ನಾಲ್ವರು ಸತ್ತರು. ಆಮೇಲೆ ಒಕ್ಕೂಟ ಸರ್ಕಾರದ ಕಡೆಯಿಂದ ತನಿಖೆ ನಡೆದು, ಕೆಲಸಗಾರರ ವಸತಿಯ ಕೊಳಕು ಇಕ್ಕಟ್ಟುಗಳ ವಿವರ ವರದಿಯಲ್ಲಿ ದಾಖಲಾಯಿತು. ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಕಥೆ. ಕೂಲಿಯವರು ಹೇಗೆ ಮಲಗುತ್ತಿದ್ದರು, ಏನು ತಿನ್ನುತ್ತಿದ್ದರು ಎಂಬುದು ಕಾಗದಕ್ಕೆ ಇಳಿಯುವುದು ಎಲ್ಲೋ ಗುಂಡು ಹಾರಿದಾಗ, ಯಂತ್ರ ಕೈಕಾಲು ತಿಂದಾಗ, ಇಲ್ಲವೇ ರೋಗ ಹರಡಿದಾಗ. ಮಂಗಳೂರಿನ ಕಾರ್ಖಾನೆಗಳ ಬಗ್ಗೆ ಓದುವಾಗಲೂ ಮೇಲಧಿಕಾರಿಗಳ ಜೀವನಚರಿತ್ರೆ, ಫೋಟೋ ಸುಲಭವಾಗಿ ಸಿಗುತ್ತವೆ. ಮಣ್ಣು ತುಳಿದವರು, ಹಸಿ ಹಂಚು ಹೊತ್ತವರು ಬಹುಮಟ್ಟಿಗೆ ಸಂಖ್ಯೆಯಾಗಿಯೇ ಉಳಿದಿದ್ದಾರೆ.

ಗೊಟ್ಹಾರ್ಡ್‌ನಲ್ಲಿ ರೋಗವೂ ಹರಡಿತು. ಬಿಸಿ, ತೇವ, ಒಳಗೆ ಶೌಚಕ್ಕೆ ಸರಿಯಾದ ವ್ಯವಸ್ಥೆಯಿಲ್ಲ. ಜನ ಬಿಳಿಚಿಕೊಂಡು, ಏದುಸಿರು ಬಿಡುತ್ತ ಕುಸಿಯತೊಡಗಿದರು. ಸುರಂಗದ ಕೆಟ್ಟ ಗಾಳಿಯಿಂದ ಹೀಗಾಗುತ್ತದೆ ಎಂದವರಿದ್ದರು. 1880ರಲ್ಲಿ ಟ್ಯೂರಿನ್ನಿನ ಎದುವಾರ್ದೋ ಪೆರ್ರೊಂಚಿತೋ ಇದಕ್ಕೆ ಕಾರಣ ಕರುಳಿನಲ್ಲಿ ರಕ್ತ ಹೀರುವ ಕೊಕ್ಕೆಹುಳು ಎಂದು ತೋರಿಸಿದ. ಬರಿಗಾಲಲ್ಲಿ ಕೆಸರು ತುಳಿಯುವ ನಮ್ಮ ಗದ್ದೆ ತೋಟಗಳ ಕೂಲಿಗಳನ್ನು ಬಹುಕಾಲ ಕಾಡಿದ ಅದೇ ಹುಳು. ಹಿಮದ ಬೆಟ್ಟದ ಒಳಗೆ ಉಷ್ಣವಲಯವೊಂದು ತಯಾರಾಗಿತ್ತು.

ಫಾವ್ರ 1879ರ ಜುಲೈ 19ರಂದು ಸುರಂಗದ ಒಳಗೆ ಕೆಲಸ ನೋಡುತ್ತಿದ್ದಾಗಲೇ ಕುಸಿದು ಸತ್ತ. ವಯಸ್ಸು 53. 1880ರ ಫೆಬ್ರವರಿ ಕೊನೆಯಲ್ಲಿ ಉತ್ತರ ದಕ್ಷಿಣದ ಎರಡೂ ತಂಡಗಳು ಬಂಡೆಯ ನಡುವೆ ಸಂಧಿಸಿದವು. ಅಡ್ಡಕ್ಕೆ 33 ಸೆಂಟಿಮೀಟರ್, ಎತ್ತರದಲ್ಲಿ 5 ಸೆಂಟಿಮೀಟರ್ ವ್ಯತ್ಯಾಸ, ಅಷ್ಟೇ. ಆ ಕಾಲದ ಅಳತೆಯ ಸಾಧನಗಳನ್ನು ನೆನೆದರೆ ಬೆರಗಾಗುತ್ತದೆ, ಆಗಲೇಬೇಕು. ಕೊರೆದ ಕಿಂಡಿಯಲ್ಲಿ ಮೊದಲು ದಾಟಿಸಿದ್ದು ತಗಡಿನ ಡಬ್ಬಿಯಲ್ಲಿಟ್ಟ ಫಾವ್ರನ ಫೋಟೋ. ಕೆಲಸ ಗಡುವಿನೊಳಗೆ ಮುಗಿಯಲಿಲ್ಲ; ದಂಡದ ಹೊರೆ ಸತ್ತವನ ಮನೆಯವರ ಮೇಲೆ ಬಿತ್ತು. ಗುತ್ತಿಗೆದಾರನನ್ನು ಖಳನೆಂದು ಬರೆದು ಮುಗಿಸುವುದು ಸುಲಭವಿತ್ತು, ಆದರೆ ಈ ಮನುಷ್ಯ ಅದಕ್ಕೆ ಒದಗಿಬರುವುದಿಲ್ಲ.

ಗೋಶೆನೆನ್‌ನಿಂದ ಐರೋಲೋಗೆ ಈಗ ರೈಲಿನಲ್ಲಿ ಸುಮಾರು ಹತ್ತು ನಿಮಿಷ. ಆ ಕತ್ತಲೆಯಲ್ಲಿ ಅಪಘಾತಕ್ಕೆ ಸಿಕ್ಕಿ ಸತ್ತವರು ಸುಮಾರು 200 ಜನ. ಹುಳ ಹೊತ್ತುಕೊಂಡು, ಧೂಳು ತುಂಬಿದ ಎದೆ ಹೊತ್ತುಕೊಂಡು ಊರಿಗೆ ಮರಳಿ ಸತ್ತವರು ಈ ಲೆಕ್ಕದಲ್ಲಿಲ್ಲ.

ಐರೋಲೋದಲ್ಲಿ ಇಳಿಯುವುದು ಒಂದು ಶಿಲ್ಪಕ್ಕಾಗಿ. ಟಿಚಿನೋದ ಶಿಲ್ಪಿ ವಿಂಚೆಂಜೋ ವೇಲಾ ಬಡವರ ಮನೆಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಕಲ್ಲುಗಣಿಯಲ್ಲಿ ದುಡಿದವನು. ಇಟಲಿಯಲ್ಲಿ ದೊಡ್ಡ ಹೆಸರು ಮಾಡಿದ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ, ಯಾರೂ ಕೇಳದೆ, ಯಾರೂ ಹಣ ಕೊಡದೆ ‘ದುಡಿಮೆಗೆ ಬಲಿಯಾದವರು’ ಎಂಬ ಉಬ್ಬುಶಿಲ್ಪ ಮಾಡಿದ. ಸತ್ತವನೊಬ್ಬನನ್ನು ಚಟ್ಟದಂಥ ಹಲಗೆಯ ಮೇಲೆ ಹೊತ್ತು ಜೊತೆಗಾರರು ಸುರಂಗದಿಂದ ತರುತ್ತಿದ್ದಾರೆ, ಒಬ್ಬನ ಕೈಯಲ್ಲಿ ದೀಪ. ವೇಲಾ ಅದನ್ನು ಮಾಡಿದ್ದು ರೈಲು ಆರಂಭವಾದ ಹೊತ್ತಿನಲ್ಲೇ, 1882-83ರಲ್ಲಿ. ಕಂಚಿನಲ್ಲಿ ಎರಕ ಹೊಯ್ದು ಐರೋಲೋದಲ್ಲಿ ನಿಲ್ಲಿಸಿದ್ದು ಮಾತ್ರ 1932ರಲ್ಲಿ, ರೈಲುಮಾರ್ಗಕ್ಕೆ ಐವತ್ತು ತುಂಬಿದಾಗ. ಆ ಹೊತ್ತಿಗೆ ಶಿಲ್ಪಿ ಸತ್ತು ನಲವತ್ತೊಂದು ವರ್ಷವಾಗಿತ್ತು. ಮೂಲ ಪ್ಲಾಸ್ಟರ್ ಪ್ರತಿ ಲಿಗೊರ್ನೆಟ್ಟೋ ಎಂಬ ಅವನ ಹುಟ್ಟೂರಿನ ಮನೆಯಲ್ಲಿದೆ. ಮನೆಯೇ ಈಗ ವಸ್ತುಸಂಗ್ರಹಾಲಯ. ಮೂರನೆಯ ದಿನ ಲುಗಾನೋ ಸರೋವರಕ್ಕೆ ಹೋಗುವ ನೆಪದಲ್ಲಿ ಅದೂ ನನ್ನ ದಾರಿಯಲ್ಲಿದೆ.

ತಳಸುರಂಗದ ಬಗ್ಗೆ ನನಗೆ ತಕರಾರಿಲ್ಲ. ಅದರ ಕೆಲಸದಲ್ಲಿ ಸತ್ತವರು ಒಂಬತ್ತು ಜನ. ಹೆಚ್ಚಿನವರು ಜರ್ಮನಿ, ಇಟಲಿಯವರು, ಒಬ್ಬ ದಕ್ಷಿಣ ಆಫ್ರಿಕಾದವನು. ಅವರ ನೆನಪಿನ ಫಲಕ ಸುರಂಗದ ಉತ್ತರದ ಬಾಯಿಯ ಬಳಿ, ಎರ್ಸ್ಟ್‌ಫೆಲ್ಡ್‌ನಲ್ಲಿ ಇದೆ. ನಾಲ್ಕು ಪಟ್ಟು ಉದ್ದದ ಸುರಂಗ, ಸಾವು ಇಪ್ಪತ್ತರಲ್ಲಿ ಒಂದು ಪಾಲು. 1875ರಲ್ಲಿ ಸುರಂಗದ ಬಾಯಿಗೆ ಅಡ್ಡ ನಿಂತವರು ಕೇಳಿದ್ದು ಹೆಚ್ಚು ಕಡಿಮೆ ಇದನ್ನೇ.

ನಾಲ್ಕನೆಯ ದಿನ ಕೋಮೋ ಸರೋವರದ ದಂಡೆ ಹಿಡಿದು ಇಟಲಿಯ ತಿರಾನೋ ತನಕ, ಅಲ್ಲಿಂದ ಬೆರ್ನಿನಾ ರೈಲು. ಇದು 1910ರ ಮಾರ್ಗ. 429 ಮೀಟರಿನಿಂದ 2,253 ಮೀಟರ್ ತನಕ ಹಲ್ಲುಕಂಬಿಯ ನೆರವಿಲ್ಲದೆ ಹತ್ತುತ್ತದೆ. ಮೇಲೆ ಅಕ್ಕಪಕ್ಕದಲ್ಲೇ ಎರಡು ಸರೋವರಗಳು, ಹೆಸರಲ್ಲೇ ಒಂದು ಕಪ್ಪು, ಒಂದು ಬಿಳಿ. ಕಪ್ಪಿನ ನೀರು ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ, ಬಿಳಿಯ ನೀರು ಪೋ ನದಿ ಸೇರಿ ಏಡ್ರಿಯಾಟಿಕ್ ಸಮುದ್ರಕ್ಕೆ. ಆಚೆ ಇಳಿದರೆ ಎಂಗಡೀನಿನ ಹಳದಿ ಲಾರ್ಚ್‌ಗಳು. ಆಮೇಲೆ 65 ಮೀಟರ್ ಎತ್ತರದ ಲಾಂಡ್‌ವಾಸರ್ ಕಲ್ಲುಸೇತುವೆ. ಎಲ್ಲ ಕ್ಯಾಲೆಂಡರುಗಳಲ್ಲೂ ಇರುವ ದೃಶ್ಯ. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಇದ್ದಾರೆ, ಆ ದಿನ ನಾನು ಬರೀ ಕಿಟಕಿಗೆ ಆತುಕೊಂಡು ಕೂರುವುದು.

ಐದನೆಯ ದಿನ ಜ್ಯೂರಿಕ್. ಮುಖ್ಯ ನಿಲ್ದಾಣದ ಎದುರು ಕಾರಂಜಿಯ ಮೇಲೆ ಆಲ್ಫ್ರೆಡ್ ಎಷರ್ ನಿಂತಿದ್ದಾನೆ, 1889ರಿಂದ. ಖರ್ಚು ಲೆಕ್ಕ ಮೀರಿದಾಗ 1878ರಲ್ಲಿ ಅವನು ಅಧ್ಯಕ್ಷತೆ ಬಿಡಬೇಕಾಯಿತು. ಎರಡು ವರ್ಷದ ಬಳಿಕ ಸುರಂಗ ಕೂಡಿದ ಸಂಭ್ರಮಕ್ಕೆ ಅವನನ್ನು ಕರೆಯಲಿಲ್ಲ. ರೈಲು ಓಡಲು ಆರಂಭಿಸಿದ ವರ್ಷದ ಕೊನೆಗೆ ಸತ್ತ. ಆದರೂ ಏಳು ವರ್ಷದಲ್ಲಿ ಅವನಿಗೆ ಪ್ರತಿಮೆಯಾಯಿತು. ಐರೋಲೋದವರು ಐವತ್ತು ವರ್ಷ ಕಾದರು. ನಿಲ್ದಾಣದಿಂದ ಹೊರಬಂದವರಿಗೆ ಮೊದಲು ಕಾಣುವವನು ಅವನೇ. ಪ್ರವಾಸವನ್ನು ಜ್ಯೂರಿಕ್‌ನಿಂದ ಶುರು ಮಾಡಿದ್ದರೆ ನನಗೂ ಹಾಗೆಯೇ ಆಗುತ್ತಿತ್ತು. ಅದಕ್ಕೆಂದೇ ಅವನನ್ನು ಕೊನೆಯ ಸಂಜೆಗೆ ಇಟ್ಟಿದ್ದೇನೆ. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ.