ನಂಬರ್ ಬ್ಯಾರೆ, ಗಾಡಿ ನಮ್ದ

ಕಳೆದ ಯುಗಾದಿಗೆ ನವಲಗುಂದ ತಾಲೂಕಿನ ನಮ್ಮೂರಿಗೆ ಹೋದಾಗ ಟ್ರಂಕಿನಿಂದ ಅಪ್ಪನ ಜಾವಾ ಗಾಡಿಯ ಆರ್‌ಸಿ ಬುಕ್ ಹೊರತೆಗೆದೆ. ಮೊದಲ ನೋಂದಣಿ 1970. ಅಪ್ಪ ಕೊಂಡಿದ್ದು 1988ರಲ್ಲಿ, ಸಾಲಿ ಮಾಸ್ತರೊಬ್ಬರಿಂದ. ವರ್ಷಗಟ್ಟಲೆ ಹೊಲಕ್ಕೆ ಓಡಾಡಿ ಈಗ ಕೊಟ್ಟಿಗೆಯಲ್ಲಿ ನಿಂತಿದೆ.

50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಕಾರು-ಬೈಕುಗಳಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಿದೆ. ಆಸೆಯಿಂದ ಟಾರ್ಚ್ ಹಿಡಿದು ನೋಡಿದೆ. ಚಾಸಿ ನಂಬರ್ ಸರಿ. ಇಂಜಿನ್ ನಂಬರ್ ಬೇರೆ!

‘ಕೇಸ್ ಒಡದಿತ್ತು, ಹುಬ್ಬಳ್ಳಿಯಿಂದ ಬ್ಯಾರೆ ತಂದು ಹಾಕ್ಸಿದ್ವಿ. ಸುಗ್ಗಿ ಟೈಮಿನ್ಯಾಗ ಆರ್‌ಟಿಓ ಆಫೀಸಿಗೆ ಯಾರು ಅಡ್ಡಾಡ್ತಾರ?’ ಅಂದ್ರು ಅಪ್ಪ.

ಹಳೆಯ ಸ್ಪೋರ್ಟ್ಸ್ ಕಾರುಗಳ ಲೋಕದಲ್ಲಿ ಈ ಒಂದು ವ್ಯತ್ಯಾಸಕ್ಕೇ ಬೆಲೆ ಕುಸಿಯುತ್ತದೆ. 1962ರಿಂದ 1964ರ ನಡುವೆ ಫೆರಾರಿ ತಯಾರಿಸಿದ 250 ಜಿಟಿಓ ಕಾರುಗಳು ಬರೀ 36. ಅದರಲ್ಲೊಂದು 2018ರ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. ಅಲ್ಲಿ ಕಾರ್ಖಾನೆ ಇನ್ನೂ ಜೀವಂತ. ಹಳೆಯ ದಾಖಲೆ, ನಕ್ಷೆಗಳ ಜೊತೆ ಕಾರನ್ನು ತಾಳೆ ನೋಡಿ ‘ಇದು ಅಸಲಿ’ ಅಂತ ಕಂಪನಿಯೇ ಬರೆದುಕೊಡುತ್ತದೆ.

ನಮ್ಮ ಜಾವಾಕ್ಕೆ ಆ ಭಾಗ್ಯವಿಲ್ಲ. ಚೆಕ್ ದೇಶದ ಈ ಬೈಕನ್ನು 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ತಯಾರಿಸಿದ್ದು ಐಡಿಯಲ್ ಜಾವಾ. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಆಮೇಲೆ ಗಾಡಿಗಳ ಚರಿತ್ರೆ ಉಳಿದದ್ದು ಆರ್‌ಸಿ ಬುಕ್ಕಿನಲ್ಲಿ, ಮಿಸ್ತ್ರಿಗಳ ಸರ್ವಿಸ್ ಮ್ಯಾನುಯಲ್‌ನಲ್ಲಿ.

ಅಂಥದ್ದೊಂದು ಮ್ಯಾನುಯಲ್ ಅಣ್ಣಿಗೇರಿ ರಸ್ತೆಯ ಮಿಸ್ತ್ರಿ ಕಾಕಾನ ಹತ್ತಿರ ಇದೆ. ರಟ್ಟು ಹೋಗಿದೆ, ಹಾಳೆತುಂಬ ಆಯಿಲ್ ಕಲೆ. ಇಂಗ್ಲಿಷ್ ಬಾರದ ಕಾಕಾ ಕಲಿತದ್ದು ಚಿತ್ರ ನೋಡಿಯೇ. ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್ ಅಂತ ಅದು ಹೇಳಿದರೆ, ಕಾಕಾ ಪಕ್ಕದಲ್ಲಿ ಕನ್ನಡದಲ್ಲಿ ಬರೆದಿದ್ದು: ‘ದಪ್ಪ ಲಗ್ನಪತ್ರಿಕಿ.’ ಫೀಲರ್ ಗೇಜ್ ಇಲ್ಲದ ದಿನಗಳಲ್ಲಿ ಅದೇ ಅಳತೆ. ಇನ್ನೊಂದು ಕಡೆ, ಮಳೆಗಾಲದಲ್ಲಿ ಎರಿಮಣ್ಣು ಮಡ್‌ಗಾರ್ಡ್‌ನಲ್ಲಿ ಸಿಕ್ಕು ಗಾಲಿ ತಿರುಗದಿದ್ದರೆ ಏನು ಮಾಡಬೇಕು ಅನ್ನೋದು. ಚೆಕ್ ಇಂಜಿನಿಯರ್ ಕಾಣದ ಮಣ್ಣು ಅದು.

ಕೊನೆಯ ಹಾಳೆಯಲ್ಲಿ ನಮ್ಮ ಗಾಡಿಯ ನಂಬರ್ ಕಂಡಿತು. ಕೇಸ್ ಬದಲಿಸಿದ ತಾರೀಖು, ಹೊಸ ಇಂಜಿನ್ ನಂಬರ್, ಅಪ್ಪ ಕೊಡಬೇಕಿದ್ದ ಬಾಕಿ, ಎಲ್ಲಾ!

ಹುಬ್ಬಳ್ಳಿಯಲ್ಲಿ ಒಬ್ಬಾತ ಹಳೇ ನಂಬರನ್ನೇ ಪಂಚ್ ಮಾಡಿಕೊಡ್ತೀನಿ ಅಂದಿದ್ದ. ನಿಜ ಹೇಳಬೇಕಂದ್ರೆ ಒಂದು ರಾತ್ರಿ ಮನಸ್ಸಾಗಿತ್ತು. ಕಾಕಾನ ಮುಂದೆ ಬಾಯಿಬಿಟ್ಟೆ.

‘ಬ್ಯಾಡ ತಮ್ಮಾ. ದುಡ್ಡು ಕೊಟ್ಟು ತಂದ ಇಂಜಿನ್ನು. ಸುಳ್ಳ ನಂಬರ್ ಹೊಡದ್ರ ಕಳವಿನ ಮಾಲ್ ಆಗ್ತೈತಿ.’

ಆ ಹಾಳೆಗೆ ಕಾನೂನಿನಲ್ಲಿ ಬೆಲೆ ಎಷ್ಟೋ. ಆದರೆ ನಮ್ಮ ಗಾಡಿಯ ಬಗ್ಗೆ ಸುಳ್ಳಿಲ್ಲದೆ ಬರೆದ ಕಾಗದ ಅದೊಂದೇ. ಇಡೀ ಪುಸ್ತಕವನ್ನು ಹಾಳೆಹಾಳೆ ಸ್ಕ್ಯಾನ್ ಮಾಡಿಕೊಂಡು ಬಂದೆ. ಈಗ ಬದಲಿ ಇಂಜಿನ್ನನ್ನು ಆರ್‌ಸಿಯಲ್ಲಿ ದಾಖಲಿಸಲು ಅರ್ಜಿ ಬರೆಯುತ್ತಿದ್ದೇನೆ. ವಿಂಟೇಜ್ ಪಟ್ಟ ಸಿಗಲಿಕ್ಕಿಲ್ಲ. ಅಪ್ಪನ ಬಾಕಿ ಮಾತ್ರ ಅವತ್ತೇ ತೀರಿಸಿದೆ.